ಡ್ರೋನು ಕಾಯ್ದ ಮರಿಯಯ್ಯ

ಅಂಬರೀಶ್ ಬೈಕಿನ ಇಂಜಿನ್ ಆಫ್ ಮಾಡಿ, ತಳ್ಳಿಕೊಂಡು ಕಬ್ಬಿನ ಗದ್ದೆಯ ಓಣಿಗೆ ನುಗ್ಗಿದ್ದನ್ನು ಮರಿಯಯ್ಯ ಕಣ್ಣಾರೆ ಕಂಡ. ಹಿಂದಿನ ಸೀಟಿಗೆ ಕಟ್ಟಿದ ದೊಡ್ಡ ಗೋಣಿಚೀಲ. ಮುಖದಲ್ಲಿ ಕಳ್ಳಕಳೆ. ಅತ್ತ ಇತ್ತ ನೋಡಿದ, ಚೀಲ ಹೆಗಲಿಗೇರಿಸಿದ, ಗರಿ ಸರಿಸಿಕೊಂಡು ಒಳಗೆ ಹೋದ.

ಬಡ್ಡೀಮಗ ಇವತ್ತೇ ಬಂದನಲ್ಲ, ಅಂದುಕೊಂಡ ಮರಿಯಯ್ಯ.

ಇವತ್ತು ಅವನ ಹೆಂಡತಿ ಪಟ್ಟಲಮ್ಮ ಊರ ಆಸ್ಪತ್ರೆಯ ಮಂಚದ ಮೇಲಿದ್ದಳು. ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಹಾವು ಕಚ್ಚಿತ್ತು. ಆಸ್ಪತ್ರೆಯಲ್ಲಿದ್ದ ಔಷಧಿಯನ್ನೆಲ್ಲ ಏರಿಸಿ ಆಗಿತ್ತು. ಆದರೂ ಊತ ಮೊಣಕಾಲು ದಾಟಿತ್ತು. ಇದು ಸಾಲದು, ಇನ್ನಷ್ಟು ಬೇಕು ಅಂದಿದ್ದಳು ನರ್ಸ್ ಮೋಹಿನಿ. ಆಂಬುಲೆನ್ಸು ಬೇರೆಲ್ಲೋ ಹೋಗಿತ್ತು. ಮಳವಳ್ಳಿಯಿಂದ ಡ್ರೋನು ಹೊರಟಿದೆ, ಇನ್ನೇನು ಬಂತು ಅಂತ ಅವಳು ಹೇಳಿದ ಮೇಲೆ ಮರಿಯಯ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆಕಾಶ ನೋಡುತ್ತಾ ಗದ್ದೆ ಬಯಲಿಗೆ ಬಂದಿದ್ದ. ಕಂಡದ್ದು ಡ್ರೋನಲ್ಲ, ಡ್ರೋನಿನ ಶತ್ರು.

ಮೊದಲೆಲ್ಲ ಮಳವಳ್ಳಿಯಿಂದ ಈ ಕಂಚಿನಕೊಪ್ಪಲಿಗೆ ಔಷಧಿ ತರುತ್ತಿದ್ದವನೇ ಅಂಬರೀಶ್. ಮಳೆ ಅನ್ನಲಿಲ್ಲ, ಬಿಸಿಲು ಅನ್ನಲಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಸೊಂಟ ಮುರಿದುಕೊಂಡು ತಂದ. ಆಮೇಲೆ ಡ್ರೋನು ಕಂಪನಿಯವರು ಬಂದರು. ಶಾಮಿಯಾನ ಎದ್ದಿತು. ಹಾರ, ಮೈಕು, ಫೋಟೋ. ನೀವು ರಸ್ತೆ ಕೇಳಿದಿರಿ, ನಾವು ಆಕಾಶವನ್ನೇ ಕೊಟ್ಟಿದ್ದೇವೆ ಅಂತ ಒಬ್ಬ ಕಪ್ಪು ಕನ್ನಡಕದವನು ಭಾಷಣ ಬಿಗಿದ. ನಾಚಿಕೆಯಿಲ್ಲದೆ ಬಿಗಿದ. ನಾಚಿಕೆಯಿಲ್ಲದೆ ಊರು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯಲ್ಲೇ ಅಂಬರೀಶನ ಕೆಲಸ ಹೋಯಿತು.

ಅವತ್ತು ಸಂಜೆ ಸಿದ್ದರಾಮುವಿನ ಟೀ ಅಂಗಡಿ ಮುಂದೆ ನಿಂತು ಅವನು ಊರಿಗೆಲ್ಲ ಕೇಳುವಂತೆ ಅಂದಿದ್ದ: “ಮೀನ್ ಬಲೆ ಬೀಸಿ ಕೆಡವ್ತೀನಿ ಕಣ್ಲಾ ಅದ್ನ. ಕೆಡವ್ನಿಲ್ಲ ಅಂದ್ರೆ ಈ ಮೀಸೆ ಬೋಳಿಸ್ಕತೀನಿ.”

ಮೀಸೆ ಉಳಿಯಿತು. ಡ್ರೋನೂ ಬೀಳಲಿಲ್ಲ. ಸ್ವಲ್ಪ ದಿನಕ್ಕೆ ಅಂಬರೀಶ್ ತೆಪ್ಪಗಾದ. ಡ್ರೋನಿನ ಮಾತೆತ್ತಿದರೆ ಅರ್ಧ ಟೀ ಬಿಟ್ಟು ಎದ್ದು ಹೋಗುತ್ತಿದ್ದ. ಬೈಕಿಗೆ ಹೊಸ ಟೈರು ಬಂತು. ಕೆಲಸ ಇಲ್ಲದವನಿಗೆ ಟೈರು ಎಲ್ಲಿಂದ ಬಂತು, ಏನೋ ಹೊಂಚು ಹಾಕುತ್ತಿದ್ದಾನೆ ಅಂತ ಮರಿಯಯ್ಯ ಆಗಲೇ ಹೇಳಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಡ್ರೋನು ಮಾತ್ರ ತನ್ನ ಪಾಡಿಗೆ ಬರುತ್ತಿತ್ತು. ಯಾವಾಗಲೂ ಇದೇ ಕಬ್ಬಿನ ಮೇಲಿಂದ ಜುಯ್ ಎಂದು ಬಂದು ಆಸ್ಪತ್ರೆಯ ಅಂಗಳಕ್ಕೆ ಇಳಿಯುತ್ತಿತ್ತು. ಹೋದ ವಾರ, ರಸ್ತೆಯಲ್ಲಿ ಕಬ್ಬಿನ ಲಾರಿ ಮಗುಚಿಕೊಂಡ ದಿನ, ಸಂಜೆಯಾದರೂ ಬಂದಿರಲಿಲ್ಲ. ಮೇಲೆ ಗಾಳಿ ಜಾಸ್ತಿ ಅಂದಿದ್ದರು ಕಂಪನಿಯವರು.

ಮರಿಯಯ್ಯ ಚಪ್ಪಲಿ ಕಳಚಿ ಒಳಗೆ ನುಸುಳಿದ. ನಡುವೆ ಕಬ್ಬು ಕಡಿದ ಒಂದು ಬಯಲು ಜಾಗ. ಅಂಬರೀಶ್ ಮಂಡಿಯೂರಿ ಚೀಲದ ಬಾಯಿ ಬಿಚ್ಚುತ್ತಿದ್ದ. ಮರಿಯಯ್ಯ ಹಿಂದಿನಿಂದ ಹಾರಿದ. ಅಂಗಾತ ಕೆಡವಿ, ಹೆಗಲ ಮೇಲಿದ್ದ ಟವಲನ್ನೇ ಬಾಯಿಗೆ ತುರುಕಿ, ಎದೆಯ ಮೇಲೆ ಕೂತ. ಒಂದು ಕಾಲದಲ್ಲಿ ಗರಡಿಯ ಮಣ್ಣು ಮೆತ್ತಿಕೊಂಡ ಮೈ. ಅಂಬರೀಶ್ ಮೀನಿನ ಹಾಗೆ ಒದ್ದಾಡಿದ, ಅಷ್ಟೆ.

ಕೂತಲ್ಲಿಂದಲೇ ಚೀಲ ಎಳೆದುಕೊಂಡ. ಹೊರಗಿನಿಂದ ಮುಟ್ಟಿದರೆ ಕಡ್ಡಿ ಕಡ್ಡಿ. ಬಲೆ ಕಟ್ಟುವ ಕೋಲುಗಳೇ. ಇನ್ನು ಯಾವ ಅಪ್ಪನೂ ಬಿಚ್ಚಬಾರದು ಅಂತ ಚೀಲದ ಬಾಯಿಗೆ ಗಂಟಿನ ಮೇಲೆ ಗಂಟು ಹಾಕಿ, ಕೈಗೆಟುಕದ ಹಾಗೆ ಆಚೆ ತಳ್ಳಿದ.

ಆಮೇಲೆ ಆಕಾಶ ನೋಡಿದ. ಬೆಳ್ಳಕ್ಕಿಗಳು ಹೋದವು. ಡ್ರೋನು ಬರಲಿಲ್ಲ.

ಫೋನು ಬಡಿದುಕೊಂಡಿತು. ಮೋಹಿನಿ. ಡ್ರೋನು ಊರ ಹತ್ತಿರವೇ ಇದೆ ಅಂತ ಮೊಬೈಲಿನಲ್ಲಿ ತೋರಿಸುತ್ತಿದೆ, ಆದರೆ ನಿಂತಲ್ಲೇ ನಿಂತಿದೆ, ಅಲ್ಲಾಡುತ್ತಿಲ್ಲ ಅಂದಳು. ಅಷ್ಟರಲ್ಲಿ ಪಟ್ಟಲಮ್ಮ ಫೋನು ಕಿತ್ತುಕೊಂಡಳು.

“ಎಲ್ ಆಳಾಗೋದೆ ನೀನು? ಕಾಲು ಕುಂಬಳಕಾಯಾಗೈತೆ ಇಲ್ಲಿ. ನಾನ್ ಓದ್ರೆ ಆ ಅಸೂಗೆ ಉಲ್ಲು ಆಕೋರ್ಯಾರು, ನಿಮ್ಮಪ್ಪನಾ?”

ಮಾತು ಗಡುಸಾಗಿತ್ತು, ಉಸಿರು ತೆಳ್ಳಗಿತ್ತು. ಮರಿಯಯ್ಯ ಫೋನನ್ನು ಕಿವಿಗೆ ಒತ್ತಿಕೊಂಡ.

“ನಿನ್ ಔಸ್ದೀನೇ ಕಾಯ್ತಾ ಇವ್ನಿ ಕಣಮ್ಮಿ. ಅದ್ನ ಕೆಡವಾಕ್ ಬಂದೋನ್ ಮ್ಯಾಲೇ ಕುಂತಿವ್ನಿ. ನನ್ ಜೀವ ಓದ್ರೂ ಏಳಕ್ಕಿಲ್ಲ.”

ಕೆಳಗೆ ಅಂಬರೀಶ್ ಕಾಲು ಬಡಿದ. ಕಣ್ಣಲ್ಲಿ ನೀರು ಬಂದಿತ್ತು. ಮರಿಯಯ್ಯ ಇನ್ನಷ್ಟು ಭಾರ ಬಿಟ್ಟು ಕೂತ.

ಹೊತ್ತು ಹೋಯಿತು. ಆಕಾಶ ಹಾಗೇ ಖಾಲಿ. ಅವನಿಗೆ ಆಗ ಹೊಸ ಭಯ ಹುಟ್ಟಿತು: ಇವನಿಗೆ ಜೊತೆಗಾರನೊಬ್ಬನಿದ್ದು, ಅವನು ಇನ್ನೆಲ್ಲಾದರೂ ಬಲೆ ಕಟ್ಟಿದ್ದರೆ? ಡ್ರೋನು ಆಗಲೇ ಅದಕ್ಕೆ ಸಿಕ್ಕಿಬಿದ್ದಿದ್ದರೆ? ಟವಲು ಎಳೆದ.

“ಬೊಗಳ್ಲಾ. ಎಲ್ಲೈತೆ ಡ್ರೋನು?”

ಅಂಬರೀಶ್ ಮಣ್ಣು ಉಗಿದ, ಉಸಿರು ಎಳೆದುಕೊಂಡ.

“ಅದ್ರ ಬ್ಯಾಟ್ರಿ ಈ ಕಬ್ನಿಂದ ಆಸ್ಪತ್ರೆ ತಂಕ ಅಷ್ಟೇ ಮಾವ ಬರಾದು. ಮಿಕ್ಕಿದ್ ದಾರೀಗೆ ಕಂಪ್ನಿಯೋರು ನನ್ನೇ ಕರ್ದು ಮಡಿಕ್ಕಂಡವ್ರೆ, ಯಾರ್ಗೂ ಯೋಳ್ಬ್ಯಾಡ ಅಂದು. ಏಳು, ಅತ್ತೆ ಔಸ್ದಿ ತಡ ಆಯ್ತದೆ, ಆ ಗಂಟ್ ಬಿಚ್ಚು. ಡ್ರೋನು ಚೀಲ್ದೊಳ್ಗೈತೆ.”