ಮೊದಲ ತುತ್ತು

“ನಾಯಿ ಉಚ್ಚೆ ಒರೆಸಿದವರು ಯಾರು?” ಎಂದು ಶ್ರೀನಿವಾಸಪುರದ ಪಶು ಆಸ್ಪತ್ರೆಯ ಡಾಕ್ಟರು ಕೇಳಿದರು. ಕೋಲಾರದಿಂದ ಬಂದ ರಕ್ತದ ರಿಪೋರ್ಟು ಅವರ ಕೈಯಲ್ಲಿತ್ತು. ಮೇಜಿನ ಮೇಲೆ ಜಿಮ್ಮಿ ಕಣ್ಣು ಹಳದಿ ಮಾಡಿಕೊಂಡು ಮಲಗಿತ್ತು.

“ನಮ್ಮಪ್ಪ,” ಎಂದ ವೆಂಕಟ್. “ಬೂಸಾ ರೂಮಲ್ಲಿ ಅವರೂ ಜಿಮ್ಮೀನೂ ಒಟ್ಟಿಗೇ ಮಲಗೋದು.”

“ಬೂಸಾ ಇದ್ದ ಕಡೆ ಇಲಿ ಇರ್ತವೆ. ಇಲಿ ಉಚ್ಚೆಯಿಂದ ನಾಯಿಗೆ, ನಾಯಿ ಉಚ್ಚೆಯಿಂದ ಮನುಷ್ಯರಿಗೆ. ಇಲಿ ಜ್ವರ ಅಂತಾರೆ. ಹಿಮ್ಮಡಿ ಒಡೆದಿದ್ರೆ ಸಾಕು, ಒಳಕ್ಕೆ ಹೋಗುತ್ತೆ. ನಿಮ್ಮಪ್ಪಂಗೆ ಜ್ವರ ಗಿರ ಏನಾದ್ರೂ ಇದೆಯಾ?”

“ಮೂರು ದಿನದಿಂದ ಐತೆ ಸಾರ್. ಮೀನಖಂಡ ಹಿಡ್ಕೊಂಡು ಕೂತವ್ರೆ.”

“ತಕ್ಷಣ ಕರ್ಕೊಂಡ್ ಬನ್ನಿ. ಇಲ್ಲಿಗಲ್ಲ, ಮನುಷ್ಯರ ಆಸ್ಪತ್ರೆಗೆ.”

ಜಿಮ್ಮಿ ಡ್ರಿಪ್ಪು ಹಾಕಿಸಿಕೊಂಡು, ಇಂಜೆಕ್ಷನ್ ಚುಚ್ಚಿಸಿಕೊಂಡು, ಹದಿನಾಲ್ಕು ದಿನದ ಮಾತ್ರೆಯೊಂದಿಗೆ ಆಟೋದಲ್ಲಿ ಮನೆಗೆ ಬಂತು. ಅದೇ ಆಟೋವನ್ನು ವೆಂಕಟ್‌ನ ಅಪ್ಪ ಕೋದಂಡರಾಮಪ್ಪ ಹತ್ತಲಿಲ್ಲ.

“ನಾಯಿ ಕಾಯಿಲೆನ ನನ್ನ ತಲೆಗೆ ಕಟ್ತೀಯೇನ್ಲಾ? ಎಪ್ಪತ್ತೆರಡು ವರ್ಷ ಆಯ್ತು, ಒಂದು ಮಾತ್ರೆ ನುಂಗಿಲ್ಲ. ಒಂದು ಸೂಜಿ ಚುಚ್ಚಿಸ್ಕೊಂಡಿಲ್ಲ. ಊರಲ್ಲಿ ಕೇಳು.”

“ನಾನ್ಯಾಕೆ ಕೇಳ್ಲಿ? ನಿನ್ನ ತಿಥಿ ಊಟಕ್ಕೆ ಬಂದವ್ರು ಅವರೇ ಹೇಳ್ತಾರೆ, ಪುಣ್ಯಾತ್ಮ ಒಂದು ಮಾತ್ರೆ ನುಂಗ್ಲಿಲ್ಲ ಅಂತ!” ಎಂದು ಕಿರುಚಿ ವೆಂಕಟ್ ಬಕೆಟ್ಟಿಗೆ ಒದ್ದ. ಬಕೆಟ್ಟು ಅಂಗಳದ ಕೊನೆವರೆಗೂ ಉರುಳಿತು. ಅಪ್ಪ ಅಲುಗಲಿಲ್ಲ.

ಸೊಸೆ ಸುನಂದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಮಾವನ ಜ್ವರದ ವಿಷಯ ಹೇಳಿ, ನಾಯಿಯ ಚೀಟಿಯನ್ನೇ ಲೇಡಿ ಡಾಕ್ಟರ ಮುಂದಿಟ್ಟಳು. ‘ಜಿಮ್ಮಿ, ನಾಲ್ಕು ವರ್ಷ’ ಎಂಬುದನ್ನು ಡಾಕ್ಟರು ಎರಡು ಸಲ ಓದಿದರು.

“ಇದು ನಾಯಿದು. ನಿಮ್ಮ ಮಾವ ಎಲ್ಲಿ?”

“ಅವರು ಬರಲ್ಲ ಮೇಡಂ. ನಾಯಿ ಬಂತು.”

“ಕಣ್ಣು ಹಳದಿಯಾಗಿದೆಯಾ? ಉಚ್ಚೆ ಸರಿಯಾಗಿ ಹೋಗ್ತಿದಾರಾ?”

“ಕಣ್ಣು ಕೆಂಪಗವೆ. ಉಚ್ಚೆ ಸರಿಯಾಗೇ ಹೋಗ್ತವ್ರೆ.”

ರೋಗಿಯನ್ನು ನೋಡದೆ ಮಾತ್ರೆ ಕೊಡಬಾರದು ಎಂದು ಡಾಕ್ಟರು ಬೈದರು. ಬೈದು ಕೊಟ್ಟರು. “ಬೆಳಿಗ್ಗೆ ಒಂದು, ರಾತ್ರಿ ಒಂದು, ಏಳು ದಿನ. ಒಂದೂ ತಪ್ಪಬಾರದು. ತಡ ಆದ್ರೆ ಕಿಡ್ನಿ ಹೋಗುತ್ತೆ, ಜೀವಾನೂ ಹೋಗುತ್ತೆ. ಕಣ್ಣು ಹಳದಿಯಾದ್ರೆ ಅವರನ್ನ ಕೇಳ್ಬೇಡಿ, ಎತ್ಕೊಂಡ್ ಬನ್ನಿ.”

ಮಾತ್ರೆ ಮನೆಗೆ ಬಂತು, ಹೊಟ್ಟೆಗೆ ಹೋಗುವ ದಾರಿ ಇರಲಿಲ್ಲ. ಜಿಮ್ಮಿಯದೂ ಅದೇ ಕಥೆ. ಅದರ ಮಾತ್ರೆಯನ್ನು ರಾಗಿಮುದ್ದೆಯೊಳಗೆ ಇಟ್ಟು ಹಾಕಿದರೆ, ಅಗಿದು ಅಗಿದು ಮುದ್ದೆಯನ್ನೆಲ್ಲ ತಿಂದು, ಮಾತ್ರೆಯನ್ನು ತೊಳೆದಿಟ್ಟ ಹಾಗೆ ನೆಲಕ್ಕೆ ಉಗುಳಿತು. ಕಂಬಳಿ ಹೊದ್ದು ನಡುಗುತ್ತಾ ಕೂತಿದ್ದ ಕೋದಂಡರಾಮಪ್ಪನವರಿಗೆ ರೇಗಿತು. ನಾಯಿ, ದನದ ಹತ್ತಿರ ಅವರು ಆಡುವುದು ತೆಲುಗೇ.

“ನಮಲೊದ್ದುರಾ, ಮಿಂಗು!” ಎಂದು ಗದರಿಸಿ, ಸೊಸೆಯ ಕಡೆ ತಿರುಗಿ ಕನ್ನಡಕ್ಕೆ ಬಂದರು. “ಮುದ್ದೆ ಅಗಿತಾನಲ್ಲಮ್ಮ ಇವನು! ಮುದ್ದೆ ಯಾರಾದ್ರೂ ಅಗಿತಾರಾ? ನುಂಗ್ಬೇಕು. ಒಳಗೆ ಏನೈತೆ ಅಂತ ಹಲ್ಲಿಗೆ ಗೊತ್ತೇ ಆಗ್ಬಾರ್ದು.”

ಸುನಂದ ಮಾವನ ಮುಖವನ್ನೇ ನೋಡಿದಳು.

ಅವಳು ಆ ಮನೆಗೆ ಬಂದು ಹನ್ನೊಂದು ವರ್ಷ. ಮಾವ ಮೊದಲ ತುತ್ತನ್ನು ಮುದ್ದೆಯ ಬಲಗಡೆಯಿಂದಲೇ ಮುರಿಯುತ್ತಾರೆ, ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಮಾಡಿ, ಬಸ್ಸಾರಿನಲ್ಲಿ ಅದ್ದಿ, ಗುಟುಕ್ಕನೆ ಇಳಿಸುತ್ತಾರೆ. ಮರುದಿನ ಬೆಳಿಗ್ಗೆ ಮುದ್ದೆ ಕಟ್ಟುವಾಗ ಅವಳು ಮಾತ್ರೆಯನ್ನು ಬಲಗಡೆ ತಳ್ಳಿ ಒದ್ದೆ ಕೈಯಲ್ಲಿ ಸವರಿದಳು. ತಟ್ಟೆ ಒಂದಿಷ್ಟೂ ತಿರುಗದಂತೆ ತಂದು ಮುಂದಿಟ್ಟಳು.

ಗುಟುಕ್.

ರಾತ್ರಿಯೂ ಹಾಗೇ. ಜಿಮ್ಮಿಯ ಮಾತ್ರೆ ಮಟನ್ ತುಂಡಿನೊಳಗೆ ಹೋಗತೊಡಗಿತು. “ನಾಯಿಗೆ ಮಟನ್ನು, ನನಗೆ ಬಸ್ಸಾರು. ಕಾಲ ಬಂತಪ್ಪ,” ಎಂದು ಮಾವ ಗೊಣಗಿ, ಬಲಗಡೆಯಿಂದ ಮುರಿದರು. ವೆಂಕಟ್ ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು, ಬ್ಲೀಚಿಂಗ್ ಪೌಡರು ಸುರಿದು, ಬೂಸಾ ರೂಮಿನ ಜೊತೆ ಜಗಳಕ್ಕೆ ಬಿದ್ದವನಂತೆ ಉಜ್ಜಿದ.

ಮೂರನೆಯ ದಿನ ಜ್ವರ ಬಿಟ್ಟಿತು.

“ಬಿಡ್ತಲ್ಲ, ಸಾಕು ನಿಲ್ಸು,” ಎಂದ ವೆಂಕಟ್ ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಾ. “ಗೊತ್ತಾದ್ರೆ ಮನೆ ಕಿತ್ತೆಸೀತಾರೆ.”

“ಒಂದೂ ತಪ್ಪಬಾರದು ಅಂದವ್ರೆ,” ಎಂದು ಸುನಂದ ಮುದ್ದೆ ಸವರಿದಳು.

ಎಂಟನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ಚನ್ನರಾಯಪ್ಪ ಬಂದು ಜಗಲಿಯ ಮೇಲೆ ಕೂತ. ಜಿಮ್ಮಿ ಅವನನ್ನು ನೋಡಿ, ಬಹಳ ದಿನದ ಮೇಲೆ, ಬೊಗಳಿತು.

“ಇಲಿ ಜ್ವರ ಅಂದ್ರು? ಹೆಂಗ್ ವಾಸಿ ಆಯ್ತಣ್ಣ?”

“ಹೆಂಗೂ ಇಲ್ಲ. ತಾನೇ ಬಂತು, ತಾನೇ ಹೋಯ್ತು,” ಎಂದರು ಕೋದಂಡರಾಮಪ್ಪ. “ಎಪ್ಪತ್ತೆರಡು ವರ್ಷ ಕಣೋ. ಒಂದು ಮಾತ್ರೆ ನುಂಗಿಲ್ಲ. ಬರ್ಕೋ.”

ವೆಂಕಟ್ ಹಲ್ಲು ಕಡಿಯುತ್ತಾ ಕೊಟ್ಟಿಗೆ ಕಡೆ ಹೋದ.

ಸುನಂದ ತಟ್ಟೆ ತಂದು ಹೇಗೋ ಒಂದು ಹಾಗೆ ಇಟ್ಟಳು. ಮಾವ ಅದನ್ನು ಸರಿಯಾಗಿ ತಿರುಗಿಸಿಕೊಂಡು, ಬಲಗಡೆಯಿಂದ ಮುರಿದು, ಅದ್ದಿ, ನುಂಗಿದರು. ನುಂಗಿ, ಗಂಟಲ ಮೇಲೆ ಕೈ ಇಟ್ಟುಕೊಂಡರು.

“ಸುನಂದಾ, ರಾಗಿ ಮಿಲ್ಲು ಬದಲಾಯಿಸಿದ್ಯೇನಮ್ಮ?”

“ಯಾಕೆ ಮಾವ?”

“ಹದಿನಾಲ್ಕು ಕಲ್ಲು ನುಂಗಿದೀನಿ. ಇವತ್ತು ಸಿಗ್ಲಿಲ್ಲ.”