ಅವ್ವನ ನಡುವಿಗೆ ಕಟ್ಟಿದ ಸೀರೆ

ಒದ್ದೆ ಹತ್ತಿ ಸೀರೆಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಅಂಗೈ ತಾನಾಗಿಯೇ ಮುಷ್ಟಿಯಾಗುತ್ತದೆ.

ಆ ಮಧ್ಯಾಹ್ನ ಕೆಂಚನಗುಡ್ಡದ ಹತ್ತಿರ, ತುಂಗಭದ್ರೆಯಲ್ಲಿ ಅವ್ವನಿಗೆ ದೀಕ್ಷಾಸ್ನಾನ ಕೊಡುವವರಿದ್ದರು. ಕೂಸಾಗಿದ್ದಾಗ ಚರ್ಚಿನಲ್ಲಿ ತಲೆಗೆ ನೀರು ಹನಿಸಿದ್ದು ಸಾಲದು, ತಿಳಿವಳಿಕೆ ಬಂದ ಮೇಲೆ ಪೂರ್ತಿ ಮುಳುಗಬೇಕು ಎಂದು ಹೊಸ ಪಾಸ್ಟರು ಹೇಳಿದ ಮೇಲೆ ಅವ್ವನಿಗೆ ನಿದ್ದೆಯೇ ಇರಲಿಲ್ಲ.

"ನನಗೂ ಹನಿಸೇ ಬಿಟ್ಟಾರ. ದೇವರು ನನ್ನ ಹೊರಗ ಹಾಕ್ಯಾನೇನು?" ಎಂದು ಅಪ್ಪನ ತಾಯಿ, ನಮ್ಮಜ್ಜಿ, ದಾರಿಯುದ್ದಕ್ಕೂ ಗೊಣಗಿದಳು.

ಹೊಳೆ ಕೆಂಪಗೆ, ಸದ್ದು ಮಾಡುತ್ತಾ ಹರಿಯುತ್ತಿತ್ತು. ಅಜ್ಜಿ ತನ್ನ ಹಳೆ ಸೀರೆಯ ಒಂದು ತುದಿಯನ್ನು ಅವ್ವನ ನಡುವಿಗೆ ಬಿಗಿದಳು. ಇನ್ನೊಂದು ತುದಿಯನ್ನು ತಾನು ಮುಂಗೈಗೆ ಸುತ್ತಿಕೊಂಡು, "ನೀನೂ ಹಿಡಿ ಲೇ" ಎಂದು ನನಗೂ ಹಿಡಿಸಿದಳು.

"ನಂಬಿಕಿ ಇಲ್ಲೇನಮ್ಮಾ?" ಎಂದು ಪಾಸ್ಟರು ನಕ್ಕರು.

"ದೇವರ ಮ್ಯಾಲ ಐತ್ರಿ. ಹೊಳಿ ಮ್ಯಾಲ ಇಲ್ಲ."

ನಡುಮಟ್ಟದ ನೀರಿನಲ್ಲಿ ನಿಂತು ಅವ್ವನನ್ನು ಹಿಂದಕ್ಕೆ ಬಾಗಿಸುವಾಗ ಪಾಸ್ಟರ ಕಾಲೇ ಜಾರಿತು. ಅವರು ಎದ್ದು ನಿಂತರು, ಅವ್ವ ಏಳಲಿಲ್ಲ. ನೀರಿನ ಮೇಲೆ ಅವಳ ಕೂದಲೂ ಕಾಣಲಿಲ್ಲ. ಸೀರೆ ಹಗ್ಗದಂತೆ ಬಿಗಿದು ನನ್ನ ಅಂಗೈ ಸುಲಿಯಿತು. ಅಜ್ಜಿಯ ಕೂಗಿಗೆ ದಡದಲ್ಲಿ ಹಾಡುತ್ತಿದ್ದವರೆಲ್ಲ ಓಡಿಬಂದು ಎಳೆದರು.

ಕೆಸರಿನಲ್ಲಿ ಬಿದ್ದು ಕೆಮ್ಮುತ್ತಿದ್ದ ಅವ್ವ, ಉಸಿರು ತಿರುಗಿದ ಕೂಡಲೇ ಕೇಳಿದಳು: "ಪೂರ್ತಿ ಮುಳುಗಿದ್ನೇನ್ರಿ?"

ಪಾಸ್ಟರು ಕೆಸರಿನಲ್ಲೇ ಮಂಡಿಯೂರಿದರು.

"ಪೂರ್ತಿ ಮುಳುಗಿದಿ, ಯವ್ವಾ. ನಾನೇ ನೋಡೀನಿ," ಎಂದಳು ಅಜ್ಜಿ.

ಸಿರುಗುಪ್ಪದ ಬಸ್ಸಿನಲ್ಲಿ ಅವ್ವ ಕಣ್ಣುಮುಚ್ಚಿ ಕುಳಿತಿದ್ದಳು, ಮುಖದಲ್ಲಿ ನೆಮ್ಮದಿಯಿತ್ತು. ಅಜ್ಜಿ ಮಾತ್ರ ಅವಳ ನಡುವಿನ ಗಂಟು ಇನ್ನೂ ಬಿಚ್ಚಿರಲಿಲ್ಲ.