ಬಲಗಡೆಯ ವಾಲ್ವ್

ಉದಯಗಿರಿಯಿಂದ ಬಂದಿದ್ದ ಮೆಕ್ಯಾನಿಕ್ ಚಂದ್ರು ಟಾರ್ಚ್ ಹಿಡಿದು ಆಂಪ್ಲಿಫೈಯರ್ ಮೇಲೆ ಬಗ್ಗಿದಾಗ ಸಿದ್ದೇಶ್ ಕಿಟಕಿಯ ಕಡೆ ತಿರುಗಿ ನಿಂತರು. ಅದರ ಬಲಗಡೆಯ ವಾಲ್ವನ್ನು, ಬಲ್ಬಿನಂಥ ಆ ಗಾಜಿನ ಕೊಳವೆಯನ್ನು, ಬೆಳಿಗ್ಗೆ ತಾವೇ ಮೇಲಕ್ಕೆಳೆದು, ಒಂದು ಸ್ಪೀಕರ್ ಸತ್ತಿದೆ ಎಂದು ಫೋನ್ ಮಾಡಿದ್ದರು. ಈ ತಿಂಗಳಲ್ಲಿ ಇದು ಮೂರನೇ ಸಲ. ಹೆಂಡತಿ ಅನುಪಮಾ ತೀರಿಕೊಂಡ ಮೇಲೆ ದಟ್ಟಗಳ್ಳಿಯ ಆ ಮನೆಯಲ್ಲಿ ಅವರ ಜೊತೆ ಕೂತು ಸಂಗೀತ ಕೇಳುವವರು ಯಾರೂ ಇರಲಿಲ್ಲ.

ಚಂದ್ರು ವಾಲ್ವನ್ನು ಒತ್ತಿ ಕೂರಿಸಿ ಸ್ವಿಚ್ ಹಾಕಿದ. ಗಾಜಿನೊಳಗೆ ಕೆಂಪು ಮೆಲ್ಲಗೆ ಹತ್ತಿಕೊಂಡಿತು. ಸಿದ್ದೇಶ್ ವೀಣೆಯ ರೆಕಾರ್ಡ್ ಹಾಕಿದರು.

"ಕೇಳಿಸ್ತಾ ಚಂದ್ರು, ತಂತಿ ಮೇಲೆ ಬೆರಳು ಜಾರೋ ಸದ್ದು? ಬೇರೆ ಸೆಟ್‌ನಲ್ಲಿ ಬರೀ ವೀಣೆ ಕೇಳುತ್ತೆ. ಇದರಲ್ಲಿ ನುಡಿಸೋರು ಪಕ್ಕದಲ್ಲೇ ಕೂತಂಗಿರುತ್ತೆ."

"ಊಂ ಸಾರ್. ಆದ್ರೆ ವಾಲ್ವ್ ಇನ್ನೂ ಕಾದಿಲ್ಲ, ಅದ್ಕೇ ಸ್ವಲ್ಪ ಒರಟು. ಅರ್ಧ ಗಂಟೆ ಬೇಕು."

ಇನ್ನು ಹೊರಡುತ್ತಾನೆ ಎಂದುಕೊಂಡರು ಸಿದ್ದೇಶ್. ಚಂದ್ರು ಚೀಲವನ್ನು ಬಾಗಿಲ ಬಳಿ ಇಟ್ಟು ಬಂದು, ಅನುಪಮಾ ಕೂರುತ್ತಿದ್ದ ಬೆತ್ತದ ಕುರ್ಚಿಯಿಂದ ಹಳೇ ಪೇಪರಿನ ಕಟ್ಟನ್ನು ಕೆಳಗಿಳಿಸಿ ಕೂತ.

"ಸಾರ್, ಇನ್ಮೇಲೆ ಅದನ್ನ ಕೀಳಕ್ಕೋಗ್ಬೇಡಿ. ಸಾಕೆಟ್ ಸಡ್ಲ ಆಗ್ಬುಡುತ್ತೆ. ಸುಮ್ನೆ ಬಾ ಅಂತ ಫೋನ್ ಮಾಡಿ, ಬತ್ತೀನಿ."

ಸಿದ್ದೇಶ್ ಪ್ಲೇಯರ್ ಬಳಿ ಹೋಗಿ, ಓಡುತ್ತಿದ್ದ ರೆಕಾರ್ಡಿನ ಮೇಲಿಂದ ಮುಳ್ಳನ್ನು ಎತ್ತಿ, ಮತ್ತೆ ಮೊದಲಿನಿಂದ ಇಟ್ಟರು.